ಎಫ್1ಗೆ (ಫಾರ್ಮುಲಾ ಒನ್ ಕಾರ್ ರೇಸಿಗೆ) ಹೊಸದಾಗಿ ಬರುವ ಹುಡುಗರಿಗೆ ಸೀಟು ಸಿಗುವುದು ಪ್ರತಿಭೆಯಿಂದಲೋ, ದುಡ್ಡಿನಿಂದಲೋ?

"2025ರಲ್ಲಿ ಆಲ್ಪೀನ್ ತಂಡದವರು ಜ್ಯಾಕ್ ಡೂಹನ್‌ಗೆ ಆರೇ ರೇಸ್ ಕೊಟ್ಟು ಹೊರಗೆ ಕೂರಿಸಿದರು, ಸ್ಪಾನ್ಸರ್ ಬಲ ಇದ್ದ ಕೊಲಪಿಂಟೊನ ತಂದರು. ಹಾಗಾದರೆ ಹೊಸಬರೆಲ್ಲ ದುಡ್ಡು ಕೊಟ್ಟೇ ಬರ್ತಾರಾ? ನಮ್ಮ ಅಕ್ಕನ ಮಗನಿಗೆ ಎಂಟು ವರ್ಷ, ಕಾರ್ಟಿಂಗ್ ಹುಚ್ಚು ಹಿಡಿದಿದೆ. ಕಳಿಸೋದಾ, ಬೇಡ್ವಾ?" ಅಂತ ಕೇಳಿದ್ದೀರಿ.

ನಾನು ಬೆಂಗಳೂರಿನ ಹೊರಗಿನ ಒಂದು ಕಾರ್ಟ್ ಟ್ರ್ಯಾಕಿನಲ್ಲಿ ಆರು ವರ್ಷ ಶನಿವಾರ, ಭಾನುವಾರ ಮೆಕ್ಯಾನಿಕ್ ಕೆಲಸ ಮಾಡಿದವನು. ಎಫ್1 ಕಾರನ್ನು ಕಣ್ಣಾರೆ ಕಂಡಿದ್ದು ಒಂದೇ ಸಲ, 2011ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟಿನಲ್ಲಿ. ಆದರೆ ಆ ದಾರಿಯ ಮೊದಲ ಮೆಟ್ಟಿಲು ಕಾರ್ಟಿಂಗ್, ಅಂದರೆ ಪುಟ್ಟ ತೆರೆದ ಕಾರುಗಳ ರೇಸ್. ಅದನ್ನು ಮಾತ್ರ ತೀರಾ ಹತ್ತಿರದಿಂದ ನೋಡಿದ್ದೇನೆ. ಕೊನೆಯ ಬಾಗಿಲಲ್ಲಿ ಹೆಚ್ಚಾಗಿ ಪ್ರತಿಭೆಯನ್ನೇ ನೋಡುತ್ತಾರೆ. ಮೊದಲ ಬಾಗಿಲಲ್ಲಿ ನೋಡುವುದು ದುಡ್ಡು ಮಾತ್ರ. ಜನ ಜಗಳ ಆಡುವುದೆಲ್ಲ ಕೊನೆಯ ಬಾಗಿಲ ಬಗ್ಗೆ. ನನಗೆ ಸಂಕಟ ಆಗುವುದು ಮೊದಲನೆಯದರ ಬಗ್ಗೆ.

ಒಂದು ಸಂಜೆಯ ಮಾತು ಹೇಳುತ್ತೇನೆ. ನಮ್ಮ ಟ್ರ್ಯಾಕಿನಲ್ಲಿ ಟೈರ್ ಜೋಡಿಸುವ ಕೆಲಸದವರೊಬ್ಬರಿದ್ದರು. ಅವರ ಮಗನಿಗೆ ಹನ್ನೊಂದು ವರ್ಷ. ಶಾಲೆ ಇಲ್ಲದ ದಿನ ಅಪ್ಪನ ಜೊತೆ ಬಂದು ಚೈನಿಗೆ ಎಣ್ಣೆ ಹಾಕುತ್ತಿದ್ದ, ಹಳೆ ಟೈರಿಗೆ ಅಂಟಿದ ರಬ್ಬರ್ ಕೆರೆದು ತೆಗೆಯುತ್ತಿದ್ದ. ಅವತ್ತು ಒಬ್ಬ ಗ್ರಾಹಕರ ಮಗನ ಕಾರ್ಟಿಗೆ ಕಾರ್ಬುರೇಟರ್ ಜೆಟ್ ಬದಲಾಯಿಸಿದ್ದೆ. ಸರಿಯಾಗಿ ಕೂತಿದೆಯಾ ಅಂತ ನೋಡಬೇಕಿತ್ತು. ಆ ಗ್ರಾಹಕರ ಹುಡುಗ ಸುಸ್ತಾಗಿ ಕೂತಿದ್ದ. ಸರಿ, ನೀನೇ ನಾಲ್ಕು ಸುತ್ತು ಹಾಕ್ಕೊಂಡು ಬಾ ಅಂತ ಟೈರ್ ಕೆಲಸದವರ ಮಗನನ್ನು ಕೂರಿಸಿದೆವು. ಹೆಲ್ಮೆಟ್ ದೊಡ್ಡದಾಗಿತ್ತು, ಒಳಗೆ ಟವಲ್ ತುರುಕಿದೆವು. ಅದೂ ತಪ್ಪೇ, ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಮೂರನೇ ಸುತ್ತಿಗೆ ಟೈಮರ್ ನೋಡಿದರೆ, ಗ್ರಾಹಕರ ಮಗನಿಗಿಂತ ಅರ್ಧ ಸೆಕೆಂಡ್ ಜಾಸ್ತಿ ವೇಗ. ನಾನು ಮೊದಲು ನಂಬಲಿಲ್ಲ. ಇವನು ಸಣಕಲ, ಹಗುರ. ಕಾರ್ಟಿಂಗಿನಲ್ಲಿ ಐದು ಕೆಜಿ ಕಡಿಮೆ ಅಂದರೂ ಟೈಮರಿನಲ್ಲಿ ಗೊತ್ತಾಗುತ್ತದೆ. ಅದಕ್ಕೆ ಸೀಟಿಗೆ ಸೀಸದ ಬಿಲ್ಲೆ ಕಟ್ಟಿ, ತೂಕ ಸರಿ ಮಾಡಿ ಮತ್ತೆ ಬಿಟ್ಟೆವು. ಆಗಲೂ ಸೆಕೆಂಡಿನ ಹತ್ತರಲ್ಲಿ ಎರಡು ಭಾಗ ಮುಂದೆ. ಎರಡನೇ ತಿರುವಿನಲ್ಲಿ ಬ್ರೇಕ್ ಬಿಡುವುದನ್ನು ನೋಡಬೇಕಿತ್ತು. ಬೇರೆ ಹುಡುಗರು ಬ್ರೇಕ್ ಒತ್ತಿ, ಬಿಟ್ಟು, ಆಮೇಲೆ ತಿರುಗಿಸುತ್ತಾರೆ. ಇವನು ತಿರುಗಿಸುತ್ತಲೇ ಸ್ವಲ್ಪ ಸ್ವಲ್ಪ ಬಿಡುತ್ತಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ. ಬೇಲಿ ಪಕ್ಕ ನಿಂತು ನೋಡಿ ನೋಡಿ ಕಲಿತಿದ್ದ.

ಅವನು ಒಂದೂ ರೇಸ್ ಓಡಲಿಲ್ಲ. ಒಂದು ಸೆಟ್ ಟೈರಿಗೆ ಆಗಲೇ 15 ಸಾವಿರದ ಹತ್ತಿರ. ಪೈಪೋಟಿಯಲ್ಲಿರುವವರು ಪ್ರತಿ ರೇಸಿಗೆ ಹೊಸ ಸೆಟ್ ಹಾಕುತ್ತಾರೆ, ಯಾಕಂದರೆ ಹೊಸ ರಬ್ಬರಿನ ನಿಜವಾದ ಹಿಡಿತ ಮೊದಲ ಕೆಲವು ಸುತ್ತಿಗಷ್ಟೇ. ಮೇಲೆ ಇಂಜಿನ್, ಚಾಸಿ, ಎಂಟ್ರಿ ಫೀಸು, ಲೈಸೆನ್ಸು, ಊರೂರಿಗೆ ಸಾಗಿಸುವ ಖರ್ಚು. ನಾವು ನಾಲ್ಕೈದು ಜನ ಸೇರಿ ಕೈಯಿಂದ ಹಾಕಿ ಒಂದು ರೇಸಿಗಾದರೂ ಕಳಿಸೋಣ ಅಂತ ಲೆಕ್ಕ ಹಾಕಿದೆವು. ಲೆಕ್ಕ ನೋಡಿ ಅವರಪ್ಪನೇ ಬೇಡ ಅಂದರು. "ಒಂದು ರೇಸ್ ಆದಮೇಲೆ ಏನ್ ಮಾಡ್ಲಿ ಸಾರ್, ಆಸೆ ಹತ್ತಿಸಿ ಬಿಟ್ಟಂಗಾಗುತ್ತೆ" ಅಂದರು. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಮೇಲಿನ ಮೆಟ್ಟಿಲಿಗೆ ಬರೋಣ. ಕಾರ್ಟಿಂಗ್ ಆದಮೇಲೆ ಎಫ್4, ಎಫ್3, ಎಫ್2 ಅಂತ ಎಫ್1ಗಿಂತ ಕೆಳಗಿನ ದರ್ಜೆಯ ರೇಸುಗಳು. ಎಫ್2ರಲ್ಲಿ ಒಂದು ಸೀಸನ್ ಓಡಬೇಕಾದರೆ 20 ಲಕ್ಷ ಯೂರೋ ದಾಟುತ್ತದೆ. ಅದನ್ನು ತಂಡ ಡ್ರೈವರಿಗೆ ಕೊಡುವುದಿಲ್ಲ, ಡ್ರೈವರೇ ತಂಡಕ್ಕೆ ಕೊಡಬೇಕು. ಆದರೂ ಸುಮ್ನೆ ದುಡ್ಡು ಸುರಿದು ಯಾರು ಬೇಕಾದರೂ ಎಫ್1ಗೆ ಬರಬಹುದು ಅನ್ನುವುದು ತಪ್ಪು. 2015ರಲ್ಲಿ ಮ್ಯಾಕ್ಸ್ ವರ್ಸ್ಟಾಪನ್ 17ನೇ ವಯಸ್ಸಿಗೇ ಎಫ್1 ರೇಸ್ ಓಡಿದಮೇಲೆ ನಿಯಮ ಬಿಗಿ ಮಾಡಿದರು. 2016ರಿಂದ ಸೂಪರ್ ಲೈಸೆನ್ಸಿಗೆ, ಅಂದರೆ ಎಫ್1 ಓಡಿಸಲು ಬೇಕಾದ ಪರವಾನಗಿಗೆ, ಮೂರು ಸೀಸನ್ನಿನಲ್ಲಿ 40 ಪಾಯಿಂಟ್ ಬೇಕು. ಎಫ್2ರಲ್ಲಿ ಸೀಸನ್ ಕೊನೆಗೆ ಮೊದಲ ಮೂರರೊಳಗೆ ಬಂದರೆ ಅಷ್ಟೂ ಸಿಗುತ್ತದೆ. ಓಡಿಸಲು ಬಾರದವನು ಇದನ್ನು ದಾಟಲಾರ.

ಆದರೆ ಆ ಪಾಯಿಂಟ್ ಗಳಿಸಲು ಒಳ್ಳೆಯ ತಂಡ ಬೇಕು, ಕೋಚ್ ಬೇಕು, ಸಿಮ್ಯುಲೇಟರಿನಲ್ಲಿ ದಿನಗಟ್ಟಲೆ ಕೂರಬೇಕು, ಹಳೆಯ ಕಾರಿನಲ್ಲಿ ಸಾವಿರಾರು ಕಿಲೋಮೀಟರ್ ಓಡಿಸಬೇಕು. ಅದೆಲ್ಲ ದುಡ್ಡಿನ ಬಾಬತ್ತು. ಲ್ಯಾನ್ಸ್ ಸ್ಟ್ರೋಲ್‌ನನ್ನೇ ನೋಡಿ. 2014ರಲ್ಲಿ ಇಟಾಲಿಯನ್ ಎಫ್4, 2016ರಲ್ಲಿ ಯುರೋಪಿಯನ್ ಎಫ್3 ಗೆದ್ದವನು. ಅವನಿಗೆ ಓಡಿಸಲು ಬರುವುದಿಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. 2017ರಲ್ಲಿ ಮೊದಲ ವರ್ಷವೇ ಬಾಕುವಿನಲ್ಲಿ ಮೂರನೇ ಸ್ಥಾನ ಬಂದ. 2020ರಲ್ಲಿ ಟರ್ಕಿಯ ಮಳೆಯಲ್ಲಿ ಪೋಲ್, ಅಂದರೆ ರೇಸ್ ಶುರುವಿಗೆ ಎಲ್ಲರಿಗಿಂತ ಮುಂದೆ ನಿಲ್ಲುವ ಜಾಗ, ತೆಗೆದ. ಆದರೆ ಎಫ್1ಗೆ ಬರುವ ಮುಂಚೆ ಅವನಷ್ಟು ಖಾಸಗಿ ಟೆಸ್ಟಿಂಗ್ ಭಾಗ್ಯ ಎಷ್ಟು ಜನಕ್ಕಿತ್ತು?

ಸ್ಟ್ರೋಲ್ ಹೆಸರು ಬಂದಮೇಲೆ ಎಸ್ತೆಬಾನ್ ಒಕಾನ್ ಕಥೆ ಹೇಳಲೇಬೇಕು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಒಕಾನ್ ಅಪ್ಪ ಮೆಕ್ಯಾನಿಕ್. ಮಗನ ರೇಸಿಂಗಿಗಾಗಿ ಮನೆ ಮಾರಿ, ಕ್ಯಾರವಾನಿನಲ್ಲಿ ಸಂಸಾರ ಮಾಡಿದವರು. 2014ರಲ್ಲಿ ಒಕಾನ್ ಯುರೋಪಿಯನ್ ಎಫ್3 ಗೆದ್ದ. ಅವತ್ತು ಅವನ ಹಿಂದೆ ಉಳಿದವರಲ್ಲಿ ವರ್ಸ್ಟಾಪನ್ ಕೂಡ ಇದ್ದ. ವರ್ಸ್ಟಾಪನ್ ಮುಂದಿನ ವರ್ಷವೇ ಎಫ್1ಗೆ ಹೋದ, ಒಕಾನ್ ಕಾಯುತ್ತಾ ಕೂತ. 2016ರಲ್ಲಿ ಮ್ಯಾನರ್ ತಂಡದಲ್ಲಿ ಇಂಡೋನೇಷ್ಯಾದ ರಿಯೊ ಹರ್ಯಾಂತೊ ಓಡುತ್ತಿದ್ದ. ಹನ್ನೆರಡು ರೇಸ್ ಆಗುವಷ್ಟರಲ್ಲಿ ಅವನ ಕಡೆಯ ದುಡ್ಡು ಮುಗಿಯಿತು. ಆ ಖಾಲಿ ಸೀಟಿಗೆ ಬಂದವನು ಒಕಾನ್. ಅಂದರೆ ಒಬ್ಬನ ದುಡ್ಡು ಮುಗಿದಾಗ ಇನ್ನೊಬ್ಬನ ಪ್ರತಿಭೆಗೆ ಜಾಗ ಸಿಕ್ಕಿತು.

2017ರಿಂದ ಒಕಾನ್ ಓಡಿದ್ದು ಫೋರ್ಸ್ ಇಂಡಿಯಾದಲ್ಲಿ. ನಮ್ಮ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 2007ರಲ್ಲಿ ಕೊಂಡುಕೊಂಡು ಹೆಸರು ಬದಲಿಸಿದ ತಂಡ ಅದು. 2009ರಲ್ಲಿ ಸ್ಪಾ ಟ್ರ್ಯಾಕಿನಲ್ಲಿ ಫಿಸಿಕೆಲ್ಲಾ ಪೋಲ್ ತೆಗೆದಾಗ ನಮ್ಮ ಬೀದಿಯಲ್ಲಿ ಪಟಾಕಿ ಹಚ್ಚಿದವನು ನಾನೊಬ್ಬನೇ ಇರಬೇಕು. 2018ರ ಬೇಸಿಗೆಯಲ್ಲಿ ತಂಡ ದಿವಾಳಿ ಅಂಚಿಗೆ ಬಂತು. ಅದನ್ನು ಉಳಿಸಿದ್ದು ಲ್ಯಾನ್ಸ್ ಸ್ಟ್ರೋಲ್ ಅಪ್ಪ ಲಾರೆನ್ಸ್ ಮತ್ತು ಅವರ ಜೊತೆಗಾರರು. ನೂರಾರು ಜನರ ಕೆಲಸ ಉಳಿಯಿತು, ಅದು ದೊಡ್ಡ ಉಪಕಾರ. ಆದರೆ 2019ಕ್ಕೆ ಆ ತಂಡದ ಒಂದು ಸೀಟಿಗೆ ಲ್ಯಾನ್ಸ್ ಬಂದ. ಒಕಾನ್ ಒಂದು ವರ್ಷ ಪೂರ್ತಿ ರೇಸ್ ಇಲ್ಲದೆ ಗ್ಯಾರೇಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಂತ.

2021ರಲ್ಲಿ ಹಂಗೇರಿಯಲ್ಲಿ ಒಕಾನ್ ಆಲ್ಪೀನ್ ಕಾರಿನಲ್ಲಿ ಗೆದ್ದ. ಸುತ್ತಿನ ಮೇಲೆ ಸುತ್ತು ಅವನ ಬೆನ್ನ ಹಿಂದೆಯೇ ಅಂಟಿಕೊಂಡು ಬಂದದ್ದು ಹಸಿರು ಆಸ್ಟನ್ ಮಾರ್ಟಿನ್ ಕಾರು, ಓಡಿಸುತ್ತಿದ್ದವನು ವೆಟ್ಟೆಲ್. ಅದೇ ಹಳೆಯ ಫೋರ್ಸ್ ಇಂಡಿಯಾ, ಈಗ ಹೊಸ ಹೆಸರಿನಲ್ಲಿ. ತನ್ನನ್ನು ಹೊರಗಿಟ್ಟ ತಂಡದ ಕಾರನ್ನು ಕೊನೆಯ ಗೆರೆ ತನಕ ಹಿಂದೆ ಇಟ್ಟುಕೊಂಡೇ ಗೆದ್ದ. ನಾನು ಅವತ್ತು ಟಿವಿ ಮುಂದೆ ಅತ್ತಿದ್ದೇನೆ.

ದುಡ್ಡು ತಂದವರೆಲ್ಲ ದಂಡ ಅಂತ ಮಾತ್ರ ಅಂದುಕೊಳ್ಳಬೇಡಿ. ನಿಕಿ ಲೌಡಾ ಶ್ರೀಮಂತ ಮನೆತನದವರು, ಆದರೆ ರೇಸಿಂಗಿಗೆ ಅಜ್ಜ ಅಡ್ಡಗಾಲು ಹಾಕಿದರು. ಜೀವವಿಮೆ ಅಡ ಇಟ್ಟು, ಬ್ಯಾಂಕ್ ಸಾಲ ತೆಗೆದು ಮಾರ್ಚ್ ತಂಡದಲ್ಲಿ ಸೀಟು ಕೊಂಡರು. ಆಮೇಲೆ 1975, 1977, 1984ರಲ್ಲಿ ವಿಶ್ವ ಚಾಂಪಿಯನ್. 1991ರಲ್ಲಿ ಮೈಕೆಲ್ ಶೂಮಾಕರ್ ಜೋರ್ಡನ್ ಕಾರಿನಲ್ಲಿ ಮೊದಲ ಸಲ ಕೂತಾಗಲೂ ಮರ್ಸಿಡಿಸ್ ಕಂಪನಿ ದುಡ್ಡು ಕಟ್ಟಿತ್ತು. ಲ್ಯಾಂಡೊ ನಾರಿಸ್ ಅಪ್ಪ ಭಾರೀ ಶ್ರೀಮಂತರು, ಅವನು 2025ರ ಚಾಂಪಿಯನ್. ಇನ್ನೊಂದು ಕಡೆ ನಿಕಿಟಾ ಮಜೆಪಿನ್ ಇದ್ದಾನೆ. ಅಪ್ಪನ ಕಂಪನಿಯ ಸ್ಪಾನ್ಸರ್ ಜೊತೆ 2021ರಲ್ಲಿ ಹಾಸ್ ತಂಡಕ್ಕೆ ಬಂದು, 21 ರೇಸಿನಲ್ಲಿ ಒಂದು ಪಾಯಿಂಟೂ ಗಳಿಸಲಿಲ್ಲ.

ನನಗೆ ಹೊಟ್ಟೆ ಉರಿಯುವುದು ದುಡ್ಡು ತಂದವರಿಂದ ಜಾಗ ಕಳೆದುಕೊಂಡವರನ್ನು ನೆನೆದಾಗ. 2010ರಲ್ಲಿ ಬ್ರೆಜಿಲಿನಲ್ಲಿ ಹುಲ್ಕೆನ್‌ಬರ್ಗ್ ವಿಲಿಯಮ್ಸ್ ಕಾರಿಗೆ ಪೋಲ್ ತಂದುಕೊಟ್ಟ. ಆ ಸೀಸನ್ ಮುಗಿಯುತ್ತಲೇ ಅವನನ್ನು ಕೈಬಿಟ್ಟು, ವೆನೆಜುವೆಲಾದ ತೈಲ ಕಂಪನಿಯ ದುಡ್ಡಿನೊಂದಿಗೆ ಬಂದ ಮಾಲ್ಡೊನಾಡೊನನ್ನು ತೆಗೆದುಕೊಂಡರು. ಮಾಲ್ಡೊನಾಡೊ 2012ರಲ್ಲಿ ಸ್ಪೇನಿನಲ್ಲಿ ಒಂದು ರೇಸ್ ಗೆದ್ದೂ ತೋರಿಸಿದ, ಅದನ್ನು ಹೇಳದಿದ್ದರೆ ಅನ್ಯಾಯ. ಆದರೆ ಹುಲ್ಕೆನ್‌ಬರ್ಗ್ ಮೊದಲ ಪೋಡಿಯಂ (ಮೊದಲ ಮೂರು ಸ್ಥಾನದವರ ವೇದಿಕೆ) ಏರಿದ್ದು 2025ರಲ್ಲಿ ಸಿಲ್ವರ್‌ಸ್ಟೋನಿನಲ್ಲಿ, ತನ್ನ 239ನೇ ರೇಸಿನಲ್ಲಿ.

ಈಗ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ. 2021ರಲ್ಲಿ ತಂಡಗಳ ಖರ್ಚಿಗೆ ಮಿತಿ ಬಂದಮೇಲೆ ಸಣ್ಣ ತಂಡಗಳಿಗೂ ಉಸಿರಾಡಲು ಆಗುತ್ತಿದೆ, ಡ್ರೈವರ್ ತರುವ ಚೆಕ್ಕಿಗೆ ಮೊದಲಿನಷ್ಟು ಕಾಯಬೇಕಿಲ್ಲ. 2025ರ ಹೊಸಬರಲ್ಲಿ ಆಂಟೊನೆಲ್ಲಿ ಮರ್ಸಿಡಿಸ್ ಬೆಳೆಸಿದ ಹುಡುಗ, ಬೇರ್‌ಮನ್ ಫೆರಾರಿ ತಂಡ ಹುಡುಗರನ್ನು ಬೆಳೆಸುವ ಅಕಾಡೆಮಿಯವನು, ಹಜಾರ್ ರೆಡ್ ಬುಲ್ ಕಡೆಯವನು. ಹಜಾರ್ ಆ ವರ್ಷವೇ ಜಾಂಡ್‌ವೂರ್ಟಿನಲ್ಲಿ ಪೋಡಿಯಂ ಏರಿದ. ಆದರೆ ಅಕಾಡೆಮಿಯವರು ಕಣ್ಣು ಹಾಕುವುದು ಆಗಲೇ ಕಾರ್ಟಿಂಗಿನಲ್ಲಿ ಗೆಲ್ಲುತ್ತಿರುವ ಹುಡುಗರ ಮೇಲೆ. ಹ್ಯಾಮಿಲ್ಟನ್‌ಗೆ ಮೆಕ್‌ಲಾರೆನ್ ಬೆಂಬಲ ಸಿಕ್ಕಿದ್ದು 13ನೇ ವಯಸ್ಸಿಗೆ. ಅಲ್ಲಿವರೆಗೆ ಅವನ ಅಪ್ಪ ಎರಡು ಮೂರು ಕೆಲಸ ಮಾಡಿ ಸಾಕಿದರು. ಅಷ್ಟೂ ವರ್ಷ ಯಾರೋ ಒಬ್ಬರು ಟೈರಿಗೆ ದುಡ್ಡು ಕೊಡಲೇಬೇಕು, ಅಲ್ವಾ?

ಅಕಾಡೆಮಿ ದುಡ್ಡೂ ದುಡ್ಡೇ. 2011ರಲ್ಲಿ ನರೇನ್ ಕಾರ್ತಿಕೇಯನ್ ಟಾಟಾ ಬೆಂಬಲದೊಂದಿಗೆ ಎಚ್‌ಆರ್‌ಟಿ ತಂಡದಲ್ಲಿದ್ದರು. ವರ್ಷದ ಮಧ್ಯದಲ್ಲಿ ರೆಡ್ ಬುಲ್ ತನ್ನ ಹುಡುಗ ರಿಕಾರ್ಡೊಗೆ ಆ ಸೀಟು ಕೊಡಿಸಿತು. ನರೇನ್ ಭಾರತದ ರೇಸಿಗೆ ಮಾತ್ರ ವಾಪಸ್ ಬಂದರು. ಅಕ್ಟೋಬರ್ 30ರಂದು ಬುದ್ಧ್ ಸರ್ಕ್ಯೂಟಿನ ಸ್ಟ್ಯಾಂಡಿನಲ್ಲಿ ಕೂತು ಅವರ ಹೆಸರು ಕೂಗಿ ನನ್ನ ಗಂಟಲು ಕಟ್ಟಿತ್ತು. ಹಾಗಂತ ರಿಕಾರ್ಡೊ ಅನರ್ಹನೇ? ಅಲ್ಲ. ಆಮೇಲೆ ಎಂಟು ರೇಸ್ ಗೆದ್ದ.

ಇನ್ನು ನಮ್ಮೂರಿನ ಕುಶ್ ಮೈನಿ. ಉದ್ಯಮಿಗಳ ಮನೆಯ ಹುಡುಗ, ಅಣ್ಣ ಅರ್ಜುನ್ ಕೂಡ ರೇಸರ್. 2024ರಲ್ಲಿ ಎಫ್2ರಲ್ಲಿ ಇನ್‌ವಿಕ್ಟಾ ತಂಡದಲ್ಲಿ ಕುಶ್ ಮತ್ತು ಬ್ರೆಜಿಲಿನ ಬೊರ್ಟೊಲೆಟೊ ಜೊತೆಗಾರರು. ಇಬ್ಬರದೂ ಅನುಕೂಲಸ್ಥ ಮನೆ, ಇಬ್ಬರಿಗೂ ಒಂದೇ ಗ್ಯಾರೇಜು. ಮೊದಲ ಕ್ವಾಲಿಫೈಯಿಂಗಿನಲ್ಲೇ (ರೇಸ್ ಶುರುವಿಗೆ ಯಾರು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವ ಓಟ) ಕುಶ್ ಎಲ್ಲರಿಗಿಂತ ವೇಗವಾಗಿದ್ದ, ಆದರೆ ಕಾರಿನ ತಾಂತ್ರಿಕ ತಕರಾರಿನಿಂದ ಅನರ್ಹನಾದ. ವರ್ಷದ ಕೊನೆಗೆ ಬೊರ್ಟೊಲೆಟೊ ಚಾಂಪಿಯನ್, ಕುಶ್ 13ನೇ ಸ್ಥಾನ. ಬೊರ್ಟೊಲೆಟೊ ಎಫ್1ಗೆ ಹೋದ. ಕುಶ್ 2025ರಲ್ಲೂ ಎಫ್2ರಲ್ಲೇ ಉಳಿದು ಮೊನಾಕೊದ ಸ್ಪ್ರಿಂಟ್ ಅನ್ನುವ ಚಿಕ್ಕ ರೇಸ್ ಗೆದ್ದ. ಕೊನೆಯ ಬಾಗಿಲು ಅಂದೆನಲ್ಲ, ಅದು ಇದೇ. ಅಲ್ಲಿ ಇಬ್ಬರ ಜೇಬೂ ತುಂಬಿರುತ್ತದೆ, ಆಗ ಟೈಮರ್ ಮಾತಾಡುತ್ತದೆ.

ಡೂಹನ್ ವಿಷಯವೂ ಹೀಗೇ. ಅವನು ಐದು ಸಲ ಮೋಟರ್‌ಸೈಕಲ್ ವಿಶ್ವ ಚಾಂಪಿಯನ್ ಆದ ಮಿಕ್ ಡೂಹನ್ ಮಗ, ಅವನೇನು ಬಡವನಲ್ಲ. ಆರು ರೇಸಿನಲ್ಲಿ ಯಾರನ್ನೂ ಅಳೆಯಲು ಆಗುವುದಿಲ್ಲ, ಅವನಿಗೆ ಆದದ್ದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ಕೊಲಪಿಂಟೊ 2024ರಲ್ಲಿ ವಿಲಿಯಮ್ಸ್ ಕಾರಿನಲ್ಲಿ ಬಂದು ಪಾಯಿಂಟ್ ಗಳಿಸಿದವನು, ಬರೀ ಸ್ಪಾನ್ಸರ್ ಹೆಸರಲ್ಲಿ ಬಂದವನಲ್ಲ.

ನಿಮ್ಮ ಅಕ್ಕನ ಮಗನನ್ನು ಖಂಡಿತ ಕಳಿಸಿ. ಆದರೆ ಮೊದಲೇ ಕಾರ್ಟ್ ಕೊಳ್ಳಬೇಡಿ. ಆರು ತಿಂಗಳು ಬಾಡಿಗೆ ಕಾರ್ಟ್ ಸಾಕು. ಪ್ರತಿ ಸಲ ಬೇರೆ ಬೇರೆ ನಂಬರಿನ ಕಾರ್ಟ್ ಕೇಳಿ ಕೂರಿಸಿ, ಲ್ಯಾಪ್ ಟೈಮ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವ ಕಾರ್ಟ್ ಕೊಟ್ಟರೂ ಟೈಮ್ ಹತ್ತಿರ ಹತ್ತಿರ ಬರುತ್ತಿದ್ದರೆ ಹುಡುಗನಲ್ಲಿ ಏನೋ ಇದೆ ಅಂತ. ಆಗ ಮನೆಯವರೆಲ್ಲ ಕೂತು, ಸಾಲ ಮಾಡದೆ ವರ್ಷಕ್ಕೆ ಎಷ್ಟು ಹಾಕಬಹುದು ಅಂತ ಲೆಕ್ಕ ಬರೆಯಿರಿ. ಟೈರ್ ಖರ್ಚನ್ನು ಅಂದುಕೊಂಡದ್ದಕ್ಕಿಂತ ಎರಡು ಪಟ್ಟು ಬರೆಯಿರಿ. ಹೆಲ್ಮೆಟ್ ಮಾತ್ರ ಮೊದಲ ದಿನವೇ ಅವನ ತಲೆಗೆ ಸರಿಯಾಗಿ ಕೂರುವಂಥದ್ದು ಕೊಡಿಸಿ.