ತೆರ್ಸ್ ಮುಗಿದ ಮೇಲೆ ಮಾತೇ ಇಲ್ಲ

ಪ್ರಶ್ನೆ: ನಮ್ಮ ಮನೆ ಬೇಳ ಇಗರ್ಜಿಯ ಹತ್ರ. ಗಂಡ 11 ವರ್ಷ ಗಲ್ಫಲ್ಲಿದ್ದು ಹೋದ ವರ್ಷ ಊರಿಗೇ ಬಂದ್ರು. ಕುಡಿತ, ಜಗಳ ಎಂತದೂ ಇಲ್ಲ, ಆದ್ರೆ ದಿನಾ ಫೋನಲ್ಲಿ ಅಷ್ಟು ಮಾತಾಡ್ತಿದ್ದವರಿಗೆ ಈಗ ಎದುರಿದ್ರೂ ಮಾತಿಲ್ಲ. ತೆರ್ಸ್ (ಜಪಮಾಲೆ ಪ್ರಾರ್ಥನೆ) ಒಟ್ಟಿಗೇ ಹೇಳ್ತೇವೆ, ಮಕ್ಕಳು ಬೆಸಾಂವ್ (ಆಶೀರ್ವಾದ) ಕೇಳ್ತಾರೆ, ಆಮೇಲೆ ಅವರು ಉಂಡು ಮಲಗ್ತಾರೆ, ನಾನು ಕೆಲಸ ಎಲ್ಲ ಮುಗಿಸಿ ಒಬ್ಳೇ ಉಣ್ಣುದು. ಇನ್ನೂ ಜಾಸ್ತಿ ಪ್ರಾರ್ಥನೆ ಮಾಡ್ಬೇಕಾ?
– ಹೆಸರು ಬೇಡ, ಕಾಸರಗೋಡು

ಉತ್ತರ: ಪ್ರಾರ್ಥನೆ ನೀವು ಸಾಕಷ್ಟು ಮಾಡ್ತಿದ್ದೀರಿ ಅಕ್ಕ. ನಿಮ್ಮ ಪತ್ರ ಓದುವಾಗ ನನ್ನ ಮನಸ್ಸಿಗೆ ನಾಟಿದ್ದು ಆ ಕೊನೆಯ ಮಾತು, ಒಬ್ಳೇ ಉಣ್ಣುದು ಅಂತ ಬರೆದದ್ದು.

ಬೈಬಲಲ್ಲಿ ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೇ ಅಧ್ಯಾಯ ಉಂಟಲ್ವಾ, ಪ್ರೀತಿ ತಾಳ್ಮೆಯುಳ್ಳದ್ದು ಅಂತ ನಾವು ಮದುವೆಯಲ್ಲಿ ಓದುದು, ಅದನ್ನು ಪೌಲ ಮದುಮಕ್ಕಳಿಗಾಗಿ ಬರೆದದ್ದೇ ಅಲ್ಲ, ಒಳಗೊಳಗೇ ಪಂಗಡ ಮಾಡ್ಕೊಂಡು ಜಗಳಾಡ್ತಿದ್ದ ಅಲ್ಲಿಯ ಕ್ರೈಸ್ತ ಸಭೆಗೆ ಬರೆದದ್ದು. ಎರಡು ಅಧ್ಯಾಯ ಹಿಂದೆ ಹೋಗಿ, 11ನೇದ್ರಲ್ಲಿ ಅವರ ಊಟದ ವಿಷಯವೇ ಉಂಟು. ಕೆಲವರು ಮೊದ್ಲೇ ತಿಂದು ಮುಗಿಸುದು, ಉಳಿದವರು ಹಸಿದುಕೊಂಡೇ ಇರುದು. ಅದಕ್ಕೆ ಪೌಲ ಹೇಳಿದ್ದು ಇಷ್ಟೇ, ಉಣ್ಣಲಿಕ್ಕೆ ಕೂಡಿ ಬಂದಾಗ ಒಬ್ಬರಿಗೊಬ್ಬರು ಕಾಯಿರಿ ಅಂತ. ಪ್ರೀತಿಯ ಆ ದೊಡ್ಡ ಮಾತುಗಳೆಲ್ಲ ಬಂದದ್ದು ಈ ಬಟ್ಟಲಿನ ಮಾತಾದ ಮೇಲೆ.

ನಮ್ಮಮ್ಮ ಕೂಡ ಎಲ್ಲರಿಗೂ ಬಡಿಸಿ ಕೊನೆಗೇ ಉಣ್ತಿದ್ರು, ನಾವು ಅದನ್ನೇ ಅಮ್ಮನ ಪ್ರೀತಿ ಅಂತ ಹೇಳ್ಕೊಂಡು ಬೆಳೆದದ್ದು, ಒಬ್ಬರಾದ್ರೂ ಅಮ್ಮನಿಗೆ ಕಾಯ್ಲಿಲ್ಲ ಅಂತ ಈಗ ನೆನೆಸಿದ್ರೆ ಹೊಟ್ಟೆ ಉರೀತದೆ.

ನಿಮ್ಮವರ ಮೇಲೂ ಕೋಪ ಮಾಡ್ಬೇಡಿ. ರೂಮಲ್ಲಿ ಅಷ್ಟು ವರ್ಷ ಒಬ್ರೇ ಇದ್ದವರಿಗೆ ಫೋನ್ ಇಟ್ಟ ಮೇಲೆ ಸುಮ್ಮನಿರುದೇ ಅಭ್ಯಾಸ ಆಗಿರ್ತದೆ, ಮನೆ ನಿಮ್ಮ ಕೈಯಲ್ಲೇ ನಡೀತಿರುವಾಗ ತನಗೆಂತ ಕೆಲಸ ಇಲ್ಲಿ ಅಂತಲೂ ಅನಿಸ್ಬಹುದು. (ಹೊಡೆತ ಬಡಿತ ಇದ್ದಿದ್ರೆ ನನ್ನ ಉತ್ತರವೇ ಬೇರೆ ಇರ್ತಿತ್ತು, ಕಾದು ಕೂರಿ ಅಂತ ಖಂಡಿತ ಹೇಳ್ತಿರ್ಲಿಲ್ಲ.)

ಇವತ್ತು ತೆರ್ಸ್ ಆದ ಕೂಡ್ಲೇ ಎರಡು ಬಟ್ಟಲು ಇಡಿ. ಪಾತ್ರೆ ಬಿದ್ದಿರ್ಲಿ. "ನನಗೆ ಒಬ್ಳೇ ಉಂಡು ಸಾಕಾಯ್ತು, ಸ್ವಲ್ಪ ಕಾಯ್ತೀರಾ" ಅಂತ ಬಾಯಿಬಿಟ್ಟು ಕೇಳಿ, ಕೇಳದೆ ಅವರಿಗೆ ಗೊತ್ತಾಗ್ಲಿಕ್ಕಿಲ್ಲ. ಮಾತು ಮೊದಲ ದಿನವೇ ಬರ್ಲಿಕ್ಕಿಲ್ಲ, ಮೀನು ಸಾರಿಗೆ ಉಪ್ಪು ಸರಿ ಉಂಟಾ ಅಂತ ಕೇಳುವಲ್ಲಿಂದ ಶುರುವಾದ್ರೂ ಸಾಕು.

ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಮರಿಯಮ್ಮನ ಹುಟ್ಟಿದ ಹಬ್ಬ, ನಮಗೆ ಹೊಸ ತೆನೆಯ ಹಬ್ಬ. ಇಷ್ಟು ವರ್ಷ ಆಶೀರ್ವಾದದ ಹೊಸ ಭತ್ತದ ಕಾಳು ಕವರಲ್ಲಿ ಹಾಕಿ ಅವರಿಗೆ ಕಳಿಸಿರ್ಬಹುದು ನೀವು. ಈ ಸಲ ತೆನೆ ಸುಲಿದು ಹಾಲಿಗೆ ಹಾಕ್ಲಿಕ್ಕೆ ಕಾಳು ಪುಡಿ ಮಾಡುವ ಕೆಲಸ ಅವರಿಗೇ ಕೊಡಿ, ಹಾಲು ನೀವು ಕಾಯಿಸಿ.