1911ರ ಜನಗಣತಿಯಲ್ಲಿ ಸಿಕ್ಕಿ 1921ರಲ್ಲಿ ಕಾಣೆಯಾದ ಹಲ್ ನಗರದ ಜರ್ಮನ್ ಹಂದಿಮಾಂಸದ ವ್ಯಾಪಾರಿ

ಇಂಗ್ಲೆಂಡಿನ ಹಲ್ ನಗರದಲ್ಲಿ ಹಂದಿಮಾಂಸದ ವ್ಯಾಪಾರಿಯಾಗಿದ್ದ ನಿಮ್ಮ ಜರ್ಮನ್ ಮುತ್ತಜ್ಜ 1911ರ ಜನಗಣತಿಯಲ್ಲಿದ್ದು 1921ರದರಲ್ಲಿ ಏಕಿಲ್ಲ ಎಂದು ಕೇಳಿದ್ದೀರಿ. ಅವರು ಬ್ರಿಟಿಷ್ ಪೌರತ್ವ ಪಡೆಯದೆ ಉಳಿದು, ಮೊದಲ ಮಹಾಯುದ್ಧದ ನಡುವೆ 1915ರಲ್ಲಿ ಶತ್ರುದೇಶದವರೆಂದು ಬಂಧನಕ್ಕೊಳಗಾಗಿ, ಯುದ್ಧ ಮುಗಿದ ಮೇಲೆ ಜರ್ಮನಿಗೆ ಕಳುಹಿಸಲ್ಪಟ್ಟಿರುವ ಸಾಧ್ಯತೆಯೇ ಹೆಚ್ಚು. ತೀರಿಕೊಂಡಿರಬಹುದು, ಹೆಸರನ್ನು ಇಂಗ್ಲಿಷಿಗೆ ಒಗ್ಗಿಸಿಕೊಂಡಿರಲೂಬಹುದು; ಆದ್ದರಿಂದ ಮೊದಲು 1911ರಿಂದ 1921ರವರೆಗಿನ ಇಂಗ್ಲೆಂಡಿನ ಮರಣ ನೋಂದಣಿಯ ಸೂಚಿಯನ್ನು ನೋಡಿಬಿಡಿ.

ಅಲ್ಲಿ ಇಲ್ಲದಿದ್ದರೆ ಲಂಡನ್ನಿನ ರಾಷ್ಟ್ರೀಯ ದಾಖಲೆ ಭಂಡಾರದ ಜಾಲತಾಣದಲ್ಲಿ ಬ್ರಿಟನ್ನಿನ ಗೃಹ ಇಲಾಖೆಯ ಎಚ್‌ಒ (HO) 144 ಮತ್ತು ಎಚ್‌ಒ 334 ಸರಣಿಗಳಲ್ಲಿ ಹೆಸರು ಹುಡುಕಿ. ಪೌರತ್ವದ ಕಡತಗಳು ಇರುವುದು ಅಲ್ಲೇ. ಸಿಗದಿದ್ದರೆ ಗಾಬರಿ ಬೇಡ, ಎಷ್ಟೋ ಜನ ಅರ್ಜಿಯನ್ನೇ ಹಾಕಿರಲಿಲ್ಲ.

ನಿಜವಾದ ನಿಧಿ ಜಿನೀವಾದ ರೆಡ್‌ಕ್ರಾಸ್ ಸಂಗ್ರಹ. ಬ್ರಿಟನ್ನಿನಲ್ಲಿದ್ದ ಬಂಧಿತರ ದಾಖಲೆಗಳಲ್ಲಿ ಬಹುಪಾಲು ನಾಶವಾಗಿದ್ದರೂ ರೆಡ್‌ಕ್ರಾಸ್‌ನ 1914–18ರ ಕಾರ್ಡುಗಳು ಉಚಿತವಾಗಿ ಅಂತರ್ಜಾಲದಲ್ಲಿವೆ. ಜರ್ಮನ್ ನಾಗರಿಕ ಬಂಧಿತರ ವಿಭಾಗವನ್ನೇ ಆರಿಸಿಕೊಳ್ಳಿ, ಸೈನಿಕರದು ಬೇರೆ. ಕಾರ್ಡಿನ ಮೇಲಿನ ಸಂಖ್ಯೆಯನ್ನು ಬರೆದುಕೊಂಡು ಅದೇ ಸಂಖ್ಯೆಯ ಪಟ್ಟಿಯ ಪುಟ ತೆರೆಯಿರಿ. ಹುಟ್ಟೂರು, ಹತ್ತಿರದ ಸಂಬಂಧಿಯ ವಿಳಾಸ ಅನೇಕ ವೇಳೆ ಅಲ್ಲಿರುತ್ತದೆ. ಬಂಧಿತರ ಶಿಬಿರದ ಹೆಸರು ನೊಕಾಲೋ (Knockaloe) ಎಂದಿದ್ದರೆ ಅದು ಐಲ್ ಆಫ್ ಮ್ಯಾನ್ ದ್ವೀಪದ್ದು. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಷ್ಮಿಟ್‌, ಸ್ಮಿತ್ ಎರಡನ್ನೂ ನೋಡಿ.

ಹುಟ್ಟೂರು ಸಿಕ್ಕದಿದ್ದರೆ ಊಹೆಗೆ ದಕ್ಷಿಣ ಜರ್ಮನಿಯ ಕ್ಯುನ್ಸೆಲ್ಸೌ (Künzelsau) ಪಟ್ಟಣದ ಸುತ್ತಲಿನ ಹೋಹೆನ್ಲೋಹೆ ಪ್ರದೇಶದಿಂದ ಆರಂಭಿಸಿ. ಉತ್ತರ ಇಂಗ್ಲೆಂಡಿನ ಈ ಕಸುಬಿನವರಲ್ಲಿ ಬಹಳ ಮಂದಿ ಬಂದದ್ದು ಅಲ್ಲಿಂದಲೇ. ನಿಮ್ಮ ಮುತ್ತಜ್ಜ ಲೂಥೆರನ್ (ಪ್ರಾಟೆಸ್ಟೆಂಟ್) ಪಂಥದವರಾಗಿದ್ದರೆ ಆ ಭಾಗದ ಚರ್ಚ್ ಪುಸ್ತಕಗಳು, ಅಂದರೆ ದೀಕ್ಷಾಸ್ನಾನ, ಮದುವೆ, ಮರಣಗಳ ದಾಖಲೆಗಳು, ಆರ್ಕಿಯಾನ್ (Archion) ಎಂಬ ಜರ್ಮನ್ ಜಾಲತಾಣದಲ್ಲಿವೆ. ಅದಕ್ಕೆ ಹಣ ಕೊಡಬೇಕು, ಹಾಗಾಗಿ ರೆಡ್‌ಕ್ರಾಸ್ ಮುಗಿಸಿದ ಮೇಲೆಯೇ ಚಂದಾ ಕಟ್ಟಿ.