ಘಾಟಿಯಲ್ಲಿ ಪಿಕಪ್ ಎಳೆಯಲು ಏನು ಹಾಕಿಸಬೇಕು?

ಮಲ್ಪೆಯಿಂದ ಮೀನು ತುಂಬಿ ಆಗುಂಬೆ ಘಾಟಿ ಹತ್ತುವಾಗ ಡೀಸೆಲ್ ಪಿಕಪ್ ಗಾಡಿ ಕಡಿಮೆ ಆರ್‌ಪಿಎಂನಲ್ಲಿ (ಇಂಜಿನ್ ನಿಧಾನಕ್ಕೆ ತಿರುಗುವಾಗ) ಎಳೆಯುತ್ತಿಲ್ಲ ಅಂದಿದ್ದೀರಿ. ಹೊಸದೇನಾದರೂ ಹಾಕಿಸುವ ಮೊದಲು ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ ಆ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ನೋಡಿಸಿ. ಅದು ಸೀಳಿದ್ದರೆ ಗಾಳಿಯ ಒತ್ತಡ ಅಲ್ಲೇ ಸೋರಿಹೋಗುತ್ತದೆ. ಕಪ್ಪು ಹೊಗೆ ಬರುತ್ತಿದ್ದರೆ ಅನುಮಾನ ಇನ್ನೂ ಜಾಸ್ತಿ. ಕೊಳೆ ತುಂಬಿದ ಏರ್ ಫಿಲ್ಟರ್, ಮಸಿ ಕಟ್ಟಿದ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಬಿಡುವ ವಾಲ್ವ್) ಕೂಡ ಇದೇ ಕಾಟ ಕೊಡುತ್ತವೆ.

ಇವೆಲ್ಲ ಸರಿ ಇದ್ದರೆ ಇಸಿಯು ರೀಮ್ಯಾಪ್, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಿಸುವುದು. ಟರ್ಬೊ ಡೀಸೆಲ್‌ಗೆ ಕೈಗೆ ಸಿಗುವಂಥ ವ್ಯತ್ಯಾಸ ಕೊಡುವುದು ಅದೇ. ಆದರೆ ಟಾರ್ಕ್ (ಇಂಜಿನ್ ಎಳೆಯುವ ಬಲ) ಏರಿದಷ್ಟೂ ಕ್ಲಚ್ ಮೇಲೆ ಹೊರೆ, ವಾರಂಟಿಯೂ ಹೋಗಬಹುದು. ದಪ್ಪ ಸೈಲೆನ್ಸರ್‌ನಿಂದ ಸದ್ದೇ ಜಾಸ್ತಿ, ಸುಮ್ನೆ ದುಡ್ಡು ದಂಡ.

ಅಂದಹಾಗೆ, ದೊಡ್ಡ ಟೈರ್ ಹಾಕಿಸಿದ್ದೀರಾ? ಹಾಗಿದ್ದರೆ ಕಂಪನಿ ಅಳತೆಗೇ ಮರಳಿ. ಟೈರ್ ದೊಡ್ಡದಾದಷ್ಟೂ ಎಳೆತ ಕಡಿಮೆ ಆಗುತ್ತದೆ.